ಕುಲಾವಿಯ ಉಣ್ಣೆ

ಎಂಬತ್ತನಾಲ್ಕು ಅನ್ನುತ್ತಾನೆ ಓಸ್ವಿನ್.
ಅರವತ್ತಾರು ಅನ್ನುತ್ತೇನೆ ನಾನು.
ಫಳ್ನೀರಿನ ಇಗರ್ಜಿ ಸಭಾಂಗಣದ ಹಳೇ ಫ್ಯಾನು
ಇಬ್ಬರ ಮಾತನ್ನೂ ಕೇಳದೆ
ತನ್ನ ಪಾಡಿಗೆ ಕಿರುಗುಡುತ್ತದೆ.

ಅವನದು ಮರಿಂಬಾ. ಮರ.
ತಾಗಿದ ಕೂಡಲೆ ಹುಟ್ಟಿದ ಸದ್ದು
ಆಹಾ ಅನ್ನುವಷ್ಟರಲ್ಲಿ ಮಣ್ಣಾಗಿರುತ್ತದೆ.
ನನ್ನದು ವೈಬ್ರಫೋನು. ಲೋಹ.
ಪೆಡಲು ಒತ್ತಿ ಹಿಡಿದರೆ ಸಾಕು,
ಕೊಟ್ಟ ಕೈಗಡ ನೆನಪಿಟ್ಟ ನೆಂಟರ ಹಾಗೆ
ಒಂದೇ ಸ್ವರ ಹಿಡಿದುಕೊಂಡು
ಕೂತೇ ಇರುತ್ತದೆ.

ನಿಧಾನಿಸಿದರೆ ಅವನ ಸ್ವರಗಳ ನಡುವೆ ಹೊಂಡ;
ಮುಚ್ಚಲು ಎರಡೂ ಕೈ ಬಿಡದೆ ಉರುಳಿಸಬೇಕು.
ಓಡಿಸಿದರೆ ನನ್ನವು
ಬೆಳಗಿನ ಸಿಟಿ ಬಸ್ಸಲ್ಲಿ ನೇತವರ ಹಾಗೆ
ಒಂದರ ಕಾಲನ್ನೊಂದು ತುಳಿಯುತ್ತವೆ.
ಯಾರ ತಪ್ಪೂ ಅಲ್ಲ.
ಮರದ ಹೆಸರಲ್ಲೇ ಮರೆವಿನ ಅರ್ಧ ಇದೆ.

ಆಮೇಲೆ ಕೋಲುಗಳ ತಕರಾರು.
ಹಡಗಿನ ಬ್ಯಾಂಡಲ್ಲಿದ್ದ ಅವನ ಮಾವ
ವೈಬ್ರಫೋನಿನ ಜೊತೆಗೇ ಇಳಿಸಿ ಹೋದದ್ದು ಮೂರು ಜೊತೆ
(ಮೋಟರಿನ ಬೆಲ್ಟು ಹರಿದು
ಈಗ ಹೊಲಿಗೆಮಿಶನಿನ ಬೆಲ್ಟಲ್ಲಿ ತಿರುಗುತ್ತಿದೆ).
ನೀಲಿ ಹುರಿಯದು ಗಟ್ಟಿ: ಬಾರಿಸಿದರೆ
ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ,
ಮರಿಂಬಾ ಎಲ್ಲಿ ಅಂತ ಹುಡುಕಬೇಕು.
ಕಪ್ಪು ರಬ್ಬರು ಸೆಕೆಗೆ ಬಿರಿದಿದೆ.
ಬೂದು ಉಣ್ಣೆಯದೇ ಸರಿ ಇದ್ದದ್ದು,
ಅದನ್ನು ನುಸಿ ತಿಂದಿದೆ.

ಹಂಪನಕಟ್ಟೆಯಲ್ಲಿ ಉಣ್ಣೆ ಕೇಳಿದೆ.
"ಸ್ವೆಟರಿಗಾ?" ಅಂಗಡಿಯವನಿಗೆ ನಗು.
ಎಪ್ರಿಲ್ ತಿಂಗಳು,
ಬೆವರಿಗೆ ಅವನ ಅಂಗಿಯ ಬೆನ್ನೇ ಭೂಪಟವಾಗಿತ್ತು.
ಈ ಊರಲ್ಲಿ ಉಣ್ಣೆ ಬೇಕಾಗುವುದು
ಕೂಸಿನ ಕುಲಾವಿಗೆ ಮಾತ್ರ;
ಹಾಗಾಗಿ ಗುಲಾಬಿ, ಇಲ್ಲವೆ ಎಳೆ ಹಳದಿ.
ಗುಲಾಬಿ ತಂದೆ.

ಸುತ್ತಿದ್ದು ಅಮ್ಮ.
ನಲವತ್ತು ವರ್ಷ ಬೀಡಿ ಕಟ್ಟಿದ ಕೈ.
ತಡ್ಪೆಯನ್ನು ಬದಿಗೆ ಸರಿಸಿ
ಬೆತ್ತದ ತುದಿಯ ರಬ್ಬರ್ ಗುಂಡನ್ನು
ಹೆಬ್ಬೆರಳಲ್ಲಿ ತಿರುಗಿಸಿ ನೋಡಿ ಕೇಳಿದಳು:
"ಬಿಗಿಯಾ, ಸಡಿಲವಾ?"
ಮೂರು ತಿಂಗಳು ನಾವಿಬ್ಬರು ಜಗಳಾಡಿದ್ದು
ಇಷ್ಟೇ ಪ್ರಶ್ನೆಯ ಸುತ್ತ.
"ಎಳೆದರೆ ಗಾಳಿ ಬರಬೇಕು, ಬಿಚ್ಚಬಾರದು. ಹಾಗಾ?"
ಹಾಗೇ, ಅಂದೆ.
ಒಳಗಿನ ಸುತ್ತು ಬಿಗಿ, ಮೇಲಿನದು ಸಡಿಲ,
ನೆತ್ತಿಗೆ ಬೀಡಿಯ ಕೆಂಪು ನೂಲಿನದೊಂದು ಗಂಟು.

ಅವಳ ಕೈಯ ಓಟಕ್ಕೆ ಕದ್ದು
ಮೊಬೈಲಿನ ಮೆಟ್ರೊನೋಮು ಹಿಡಿದೆ.
ಇದೇ ನೋಡು ಲಯ, ನನ್ನ ಮನೆಯಲ್ಲೇ ಇತ್ತು
ಅಂತ ಓಸ್ವಿನ್‌ಗೆ ಹೇಳುವ ಆಸೆ.
ಸಿಗಲಿಲ್ಲ.
ಧಾರಾವಾಹಿಯ ಅತ್ತೆ ಬಾಯ್ತೆರೆದರೆ ಐವತ್ತು,
ಜಾಹೀರಾತಿಗೆ ನೂರಹತ್ತು,
ಎಲೆ ಹರಿದರೆ ಪೂರಾ ಮೌನ, ಮತ್ತೆ ಒಂದು ಬೈಗುಳ.

ಈ ಸಂಜೆ ಗುಲಾಬಿಯಲ್ಲಿ ಶುರು ಮಾಡಿದೆವು.
ಅವನು ತುಸು ಗಟ್ಟಿಯದಕ್ಕೆ ಹತ್ತಿದ,
ನಾನು ಮೆತ್ತಗಿನದಕ್ಕೆ ಇಳಿದೆ.
ಹಿಂದಿನ ಬೆಂಚಿನಲ್ಲಿ ಬೀಗದಕೈ ಹಿಡಿದು ಕೂತ ಕೊಗ್ಗಣ್ಣ
"ಈಗ ಒಬ್ಬರೇ ಬಾರಿಸಿದ ಹಾಗೆ ಕೇಳ್ತದೆ" ಅಂದ.
ಹೊಗಳಿದ್ದೋ ದೂರಿದ್ದೋ ತಿಳಿಯಲಿಲ್ಲ.
"ಆದ್ರೆ ಜನ ಬಂದ ಮೇಲೆ ಹೀಗೆ ಇರುದಿಲ್ಲ ಮಾರಾಯ್ತಿ,
ನೂರು ಸೀರೆ ಕೂತರೆ
ಅರ್ಧ ಸದ್ದು ಅವೇ ತಿಂತವೆ."

ಹಾಗಾದರೆ ಎಪ್ಪತ್ತೆರಡಾ? ಎಪ್ಪತ್ತಾರಾ?
ಓಸ್ವಿನ್ ಪೆನ್ಸಿಲಲ್ಲಿ ಬರೆದ. ನಾನು ಅಳಿಸಿದೆ.
ಅವನು ಬರೆದ.
ಉಜ್ಜಿ ಉಜ್ಜಿ ಕಾಗದ ಅಷ್ಟಗಲ
ಬೆಳಕು ಬಿಡುವಷ್ಟು ತೆಳ್ಳಗಾಗಿದೆ.
ಲೋಹದ ಪಟ್ಟಿಗಳ ಮೇಲೆಲ್ಲ ಗುಲಾಬಿ ನವಿರು,
ಸೆರಗಲ್ಲಿ ಒರೆಸುತ್ತ ನಿಂತೆ.

ಒಂಬತ್ತಾಯಿತು ಅಂತ ಕೊಗ್ಗಣ್ಣ ಫ್ಯಾನಿನ ಸ್ವಿಚ್ಚು ಆರಿಸಿದ.
ಕಿರುಗುಟ್ಟುವಿಕೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.
"ಇದು!" ಅಂತ ಕೈಯೆತ್ತಿದ ಓಸ್ವಿನ್.
ಇನ್ನೂ ನಾಲ್ಕು ಸುತ್ತು ಕಾದು
"ಇದು" ಅಂದೆ ನಾನು.
ಫ್ಯಾನು ಎರಡನ್ನೂ ದಾಟಿ
ನಿಲ್ಲುವವರೆಗೆ
ಯಾರೂ ಕೋಲು ಚೀಲಕ್ಕೆ ಹಾಕಲಿಲ್ಲ.