ಹದಿನೇಳು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಹೆಸರು ಹದಿನೇಳು.
ಗೇಟಿನ ಹಲಗೆಯಿಂದ ಹಿತ್ತಾಳೆ ಬಿಲ್ಲೆ ತೆಗೆದು
ಶಾಲಿನ ತುದಿಗೆ ಸಿಕ್ಕಿಸಿ ಬೆಲ್ಟಿನ ಮುಂದೆ ಕೂತರೆ
ಸಂಜೆ ಐದೂವರೆವರೆಗೆ ಕಾಳು, ಕಾಳು, ಕಾಳು.
ಕರಿದು, ಒಡೆದದ್ದು, ಹುಳ ಕೊರೆದದ್ದು ಎಡಕ್ಕೆ.
ಮಿಕ್ಕದ್ದು ತನ್ನಷ್ಟಕ್ಕೆ ಹಡಗು ಹತ್ತುತ್ತದೆ.

ಹೋದ ವರ್ಷ ಗರ್ಭಕೋಶ ತೆಗೆಸಿ ನಲವತ್ತು ದಿನ ಮಲಗಿದ್ದೆ.
ಸುಂಟಿಕೊಪ್ಪದ ಯಾರೋ ಒಬ್ಬಳು ಆಗ ಹದಿನೇಳಾಗಿದ್ದಳಂತೆ.
ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಲ್ಲ.
ಮರಳಿ ಬಂದಾಗ ಮೇಸ್ತ್ರಿ ಕೇಳಿದ್ದಿಷ್ಟೇ:
"ಇವತ್ತು ಯಾಕೆ ಹತ್ತು ನಿಮಿಷ ತಡ?"

ಮಗಳು ರಂಲತ್ತು ಮಡಿಕೇರಿ ಕಾಲೇಜಿನಲ್ಲಿ ಫಿಸಿಕ್ಸು.
ಕರೆಂಟಿಲ್ಲದ ರಾತ್ರಿ, ಮೀನು ಕೊಯ್ಯುತ್ತಿದ್ದ ನನಗೆ ಹೇಳಿದಳು:
"ಉಮ್ಮಾ, ಆಕಾಶಕ್ಕೆ ಕೊನೆಯೇ ಇಲ್ಲ ಅಂತಿಟ್ಟುಕೋ.
ದೂಳು ಕೂಡಿಕೊಳ್ಳುವ ಬಗೆಗಳಿಗೆ ಮಾತ್ರ ಲೆಕ್ಕ ಇದೆ.
ಅಂದಮೇಲೆ ಎಲ್ಲೋ ಮತ್ತೆ ಇದೇ ಕುಶಾಲನಗರ,
ಇದೇ ಮತ್ತಿ ಮೀನು, ಇದೇ ನೀನು."
"ಅವಳಿಗೂ ಬಲ ಮಂಡಿ ನೋಯುತ್ತದಾ?"
"ನೋಯುತ್ತದೆ."
"ಹಾಗಾದರೆ ನೋಯುವುದು ಯಾರಿಗೆ?"
"ಇಬ್ಬರಿಗೂ."
"ನನಗೆ ಒಂದೇ ನೋವು ಗೊತ್ತಾಗುತ್ತದಲ್ಲ ಮೋಳೇ."
ಮೇಣದಬತ್ತಿಯ ಹಿಂದೆ ಅವಳು ಸುಮ್ಮನಾದಳು.
ಬೆಕ್ಕು ಒಂದು ತಲೆ ಎಳೆದುಕೊಂಡು ಹೋಯಿತು.

ನಿದ್ದೆ ಹತ್ತಲಿಲ್ಲ.
ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ
ಹತ್ತರಿಂದ ಹಿಂದಕ್ಕೆ ಎಣಿಸು ಎಂದಿದ್ದರು.
ಏಳರವರೆಗೆ ನಾನಿದ್ದೆ.
ಆರರಿಂದ ಎಣಿಸಿದವಳು ಯಾರು?

ಹಣ್ಣೊಂದರೊಳಗೆ ಎರಡು ಕಾಳು, ಹೊಟ್ಟೆಗೆ ಹೊಟ್ಟೆ ಒತ್ತಿ.
ಚಪ್ಪಟೆ ಬದಿ ಎಂದರೆ ಇನ್ನೊಂದು ತಾಗಿಕೊಂಡಿದ್ದ ಗುರುತು.
ಒಂಟಿಯಾಗಿ ಬೆಳೆದದ್ದು ಉರುಟು, ಪೀಬರಿ;
ಅದಕ್ಕೆ ಬೇರೆ ಮೂಟೆ, ಹೆಚ್ಚು ರೇಟು.
ಪಲ್ಪರಿನಲ್ಲಿ ಅಗಲಿದ ಜೋಡಿ ಮತ್ತೆ ಸೇರಿದ್ದನ್ನು
ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ.
ಕಂಡಿದ್ದರೂ, ಕಂಡೆ ಅಂತ ಗೊತ್ತಾಗುವುದು ಹೇಗೆ?

ಇವತ್ತು ಎರಡು ಕಾಳು ಹೆಕ್ಕಿ ಬೆರಳಲ್ಲಿ ಜೋಡಿಸಿದೆ.
ಕೂತವು.
ಬೇರೆರಡು ತೆಗೆದೆ. ಅವೂ ಕೂತವು, ಹೆಚ್ಚುಕಡಿಮೆ.
ಅವಳೂ ಈಗ ಜೋಡಿಸುತ್ತಿರಬೇಕು, ಅದೇ ಎರಡನ್ನು.
ಅವಳು ಮೊದಲು ಕೈಬಿಡಲಿ ಎಂದು ಒಂದು ಉಸಿರು ಕಾದೆ.
ನಾನು ಬಿಡಲಿ ಎಂದು ಅವಳೂ ಕಾದಳೋ ಏನೋ.
ಬೆಲ್ಟು ನಿಲ್ಲಲಿಲ್ಲ. ಕರಿಕಾಳೊಂದು ದಾಟಿಹೋಯಿತು.

"ಏಯ್, ಹದಿನೇಳು!" ಮೇಸ್ತ್ರಿ ಕೂಗಿದ.
ತಲೆಯೆತ್ತಿದೆವು.