ಅಂಟು

ಚಿಕ್ಕಮ್ಮ ಶಿವಮಲ್ಲಮ್ಮನ ಬೆರಳಲ್ಲಿ ಗೆರೆಗಳಿಲ್ಲ.
ಪಡಿತರದಂಗಡಿಯ ಯಂತ್ರ ಮೂರು ಸಲ ಕೆಂಪಾಗಿ
ನಾಲ್ಕನೆಯ ಸಲಕ್ಕೆ ಅಂಗಡಿಯವನೇ ಗೊಣಗಿಕೊಂಡು ಬರೆದುಕೊಳ್ಳುತ್ತಾನೆ.
ಮೂವತ್ತು ವರ್ಷ, ತಿರುಮಕೂಡಲಿನ ಹಿತ್ತಿಲಲ್ಲಿ
ಸೋಪು, ಸೋಡಾ, ಕುದಿವ ಹಂಡೆ,
ಹಸಿ ರೇಷ್ಮೆಯ ಲಡಿ ಎತ್ತಿ, ಅದ್ದಿ, ಎತ್ತಿ
ಅಂಟು ಬಿಡಿಸಿದ ಕೈ.

ನನ್ನದೂ ಅದೇ ಕಸುಬು, ಮೈಸೂರಿನಲ್ಲಿ,
ಕೈ ಅದ್ದದೆ.
ಹಿಪ್ಪುನೇರಳೆ ಬುಡದ ಮಣ್ಣಿಂದ ಹೆಕ್ಕಿದ ಬ್ಯಾಸಿಲಸ್ಸು
ಅಂಟು ತಿನ್ನುವ ಕಿಣ್ವವನ್ನು ಹೆಣೆಯಬೇಕು,
ಹೆಣೆದದ್ದನ್ನು ಹೊರಗೆ ಹಾಕಬೇಕು.
ಹೆಣೆಯುತ್ತದೆ. ಹಾಕುವುದಿಲ್ಲ.

ಹೊರಗೆ ಹೊರಟ ಪ್ರೋಟೀನಿನ ಹಣೆಗೆ
ಇಪ್ಪತ್ತೆಂಟು ಅಕ್ಷರದ ಒಂದು ಚೀಟಿ.
ನೋಡಿ ಬಾಗಿಲು ತೆರೆಯುತ್ತದೆ,
ದಾಟಿದ ಮೇಲೆ ಹರಿದು ಬಿಸಾಕುತ್ತದೆ.
ದಾಟುವಾಗ ಮಡಿಚಿಕೊಂಡಿರುವಂತಿಲ್ಲ,
ಸೂಜಿಗಣ್ಣಿಗೆ ನೂಲು ಹೋದ ಹಾಗೆ ನೀಳವಾಗಿ ಹೋಗಿ
ಆಚೆ ನಿಂತು
ತನ್ನ ಆಕಾರ ತಾನೇ ನೆನಪಿಸಿಕೊಳ್ಳಬೇಕು.

ಚೀಟಿ ಬದಲಿಸಿದೆ, ನಲವತ್ತೊಂದು ಸಲ.
ಅಂಗಳಕ್ಕೆ ಬಂದದ್ದನ್ನೆಲ್ಲ ತುಂಡರಿಸುವ
ಅದರದೇ ಕತ್ತರಿಗಳು ಎಂಟು, ಒಂದೊಂದೇ ಅಳಿಸಿದೆ.
ಕೆನೆ ತೆಗೆದ ಹಾಲಿನ ತಟ್ಟೆಗಳು
ಬೆಳಗೆದ್ದರೆ ಬೆಳ್ಳಗೆ, ಅಮಾಯಕವಾಗಿ ಕೂತಿರುತ್ತಿದ್ದವು.
ತಪ್ಪು ಬಾಗಿಲಿನದಲ್ಲ, ತಡವಾಗಿ ಹೊಳೆಯಿತು:
ಹೊರಬಿದ್ದ ಎಳೆಯನ್ನು ಹಿಡಿದು ಮಡಿಚಿಕೊಡುವವಳು
ಗೋಡೆಯಂಚಿನ ಆ ಸೂಲಗಿತ್ತಿ
ಒಬ್ಬಳೇ, ಇಷ್ಟು ಹೆರಿಗೆಗೆ.
ಅವಳ ಜೀನಿಗೆ ಇನ್ನೊಂದು ಪ್ರತಿ ಸೇರಿಸಿದೆ.

ಬುಧವಾರ. ಹಾಲಿನಲ್ಲಿ
ಪ್ರತಿ ಚುಕ್ಕೆಯ ಸುತ್ತ ತಿಳಿನೀರಿನಂಥ ಬಳೆ.
ಆ ಹೊತ್ತಿಗೆ ಕಾವಲಿನ ಚೆಲುವಯ್ಯ ಒಬ್ಬನೇ ಸಿಕ್ಕಿದ್ದು.
ಬೆಳಕಿಗೆ ಹಿಡಿದು ನೋಡಿ
'ತೂತು ಬಿದ್ದೋಗದಲ್ಲ ಮೇಡಂ' ಅಂದ.

ತೊಡೆಯ ಮೇಲೆ ಐಸ್ ಪೆಟ್ಟಿಗೆ.
ವರುಣ ದಾಟುವಾಗ ಕಂಡಕ್ಟರು
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟು 'ಮೀನಾ?' ಅಂದ.
ಅಲ್ಲ, ಅಂದೆ.
ಮತ್ತೇನು ಎನ್ನುವುದು ಬಾಯಿಗೆ ಬರಲಿಲ್ಲ.

ಉಗುರುಬೆಚ್ಚಗಿನ ನೀರು, ಒಂದು ಲಡಿ, ಒಂದು ಗಂಟೆ.
ಹಂಡೆ ಕುದಿಯದಿದ್ದರೆ ಏನು ಮಾಡಬೇಕೋ ತಿಳಿಯದೆ
ಚಿಕ್ಕಮ್ಮ ಎರಡು ಸೇರು ಅವರೆಕಾಯಿ ಸುಲಿದಳು.
ಆಮೇಲೆ ಒಂದು ಎಳೆ ಬಿಡಿಸಿ,
ಬೆರಳಿಗೆ ಏನೂ ತಿಳಿಯದಲ್ಲ,
ಕೆಳತುಟಿಯ ಮೇಲಿಟ್ಟು ಮೆಲ್ಲಗೆ ಎಳೆದಳು,
ಕಣ್ಣು ಮುಚ್ಚಿ.

'ನೀರು ಸುಡನಿಲ್ಲ' ಅಂದಳು ಮೊದಲು,
ಅದೇ ದೊಡ್ಡ ಸುದ್ದಿ ಎಂಬಂತೆ.
ಮತ್ತೊಮ್ಮೆ ಎಳೆದು:
'ಆದ್ರೆ ಇನ್ನೂ ಚೂರು ಅಂಟದೆ ಕಣವ್ವ.'

ವಾಪಸು ಬಸ್ಸಿನಲ್ಲಿ, ಅಲುಗುವ ಅಕ್ಷರದಲ್ಲಿ ಬರೆದುಕೊಂಡೆ:
ನಲವತ್ತು ಡಿಗ್ರಿ, ಅರವತ್ತು ನಿಮಿಷ.
ತುಟಿ: ಅಂಟು ಇದೆ.