ಕೊಪ್ಪರಿಗೆ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಡಿಸೆಂಬರ್
ಕಿಟಕಿ ಗಾಜಿಗೆಲ್ಲ ಕಂದು ಕಾಗದ, ಮೈದಾ ಅಂಟು.
ನನಗೆ ಒಂಬತ್ತು ವರ್ಷ. ಅಪ್ಪ ಪಾರ್ಸೆಲ್ ಗುಮಾಸ್ತ.
ಸಿಪಾಯಿಗಳ ರೈಲು ನೀರು ಹಿಡಿಯಲು ನಿಲ್ಲುವುದು
ಹನ್ನೊಂದೇ ನಿಮಿಷ.
ಅಷ್ಟರಲ್ಲಿ ಕಿಟಕಿ ದಾಟಬೇಕು
ಮುತ್ತುಗದೆಲೆಯ ಐನೂರು ಪೊಟ್ಟಣ, ಚಿತ್ರಾನ್ನ.

ಊರೇ ಚಂದಾ ಎತ್ತಿ ತಂದ ಕೊಪ್ಪರಿಗೆ, ತಾಮ್ರದ್ದು.
ನಾನು ಒಳಗೆ ಕೂತರೆ ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ.
ಬುಡನ್ ಸಾಬಿ ಕಲಾಯಿ ಹಾಕಿದ, ಕಾಸು ಕೇಳಲಿಲ್ಲ.
ಆಯುಧಪೂಜೆಯ ವಾರವಷ್ಟೇ ಪುರಸಭೆಯ ಮೆಟ್ಟಿಲ ಮೇಲೆ
ಒಬ್ಬರ ಜುಬ್ಬಾ ಒಬ್ಬರು ಹರಿದಿದ್ದ
ಮುನಿಸ್ವಾಮಪ್ಪನವರು, ದೊರೆಸ್ವಾಮಿ ನಾಯ್ಡು,
ಗಣಿ ಯೂನಿಯನ್ನಿನ ಆರೋಕ್ಯಸಾಮಿ
ಒಂದೇ ಸೌಟು ಹಿಡಿದು (ಸೌಟಲ್ಲ ಅದು, ದೋಣಿಯ ಹುಟ್ಟು)
ಬೆವರುತ್ತಾ ತಿರುವಿದರು.
ಮಿಕ್ಕವರು ಮರೆತಾರೆಂದು
ಮೂವರೂ ತಲಾ ಒಂದು ಬೊಗಸೆ ಉಪ್ಪು ಹಾಕಿದರು.

ಬಾಯಿಗಿಡುವ ಹಾಗಿರಲಿಲ್ಲ.
ಸಿಪಾಯಿಗಳು ಇಟ್ಟರು. ಒಬ್ಬ, ಮೀಸೆ ಇನ್ನೂ ಬಾರದವನು,
ಕಿಟಕಿಯಿಂದ ಬಗ್ಗಿ ನೀರು ಕೇಳಿದ, ನಕ್ಕ.
ರೈಲು ಹೋದ ಮೇಲೆ ಮೂವರೂ ತಳ ಕೆರೆದು ತಿಂದು ನೋಡಿ
ಒಬ್ಬರಿಗೊಬ್ಬರು ಬೈದರು,
ತೆಲುಗಲ್ಲಿ, ತಮಿಳಲ್ಲಿ, ಎಲ್ಲ ಬೆರೆತ ನಮ್ಮ ಕನ್ನಡದಲ್ಲಿ.
ಅಂಥ ಅಕ್ಕರೆಯ ಬೈಗುಳ
ಆಮೇಲೆ ನಾನು ಕೇಳಲಿಲ್ಲ.

ಯುದ್ಧ ನಿಂತಿತು. ಸಂಕ್ರಾಂತಿಗೆ
ಕಿಟಕಿಯ ಕಾಗದ ನೆನೆಸಿ ಕೆರೆದರು.
ಕೊಪ್ಪರಿಗೆಯ ಅಂಚಿಗೆ ಹೆಸರು ಕೊರೆಸುವ ಮಾತು ಬಂತು.
ಯಾರ ಹೆಸರು ಮೊದಲು?
ಉಪ್ಪು ಯಾರದು?
ಚುನಾವಣೆ ಮಾರ್ಚಿಗೆ.
ಒಬ್ಬರು ಹಗಲು ಚುಕ್ಕಿ ಚುಕ್ಕಿ ಕೊರೆಸಿದ್ದನ್ನು
ಇನ್ನೊಬ್ಬರು ರಾತ್ರಿ ಬಡಿಸಿ ಅಳಿಸಿದರು.
ಬುಡನ್ ಸಾಬಿಗೆ ಮೂರೂ ಕಡೆಯ ಕೂಲಿ,
ಮೂರೂ ಕಡೆಯ ಗುಮಾನಿ.
ಒಂದು ದಿನ ಉಳಿ ಆಚೆ ಬಂತು.
ತಾಮ್ರ ತಾನೇ, ಎಷ್ಟೂಂತ ತಡೆದೀತು.

ಮೊನ್ನೆ ವೋಟು ಹಾಕಿ ಬರುವಾಗ
ಪುರಸಭೆಯ ಗೋದಾಮಿನ ಬಾಗಿಲು ತೆರೆದಿತ್ತು.
ಹರಿದ ಬ್ಯಾನರು, ತುಕ್ಕು ಹಿಡಿದ ಮತಪೆಟ್ಟಿಗೆ, ಸುಣ್ಣದ ಡಬ್ಬ,
ಅವುಗಳ ನಡುವೆ ಬೋರಲು ಬಿದ್ದಿತ್ತು.
ಅಂಚು ಸವರಿದೆ. ಒಂದಕ್ಷರವೂ ಸಿಗಲಿಲ್ಲ,
ಬರೀ ಸಿಡುಬಿನ ಕಲೆಯಂಥ ಗುಳಿ.
ತಳದ ಮಸಿ ಮಾತ್ರ ಹಾಗೇ ಇತ್ತು, ಆ ಡಿಸೆಂಬರಿನದು.
ಅದು ನಮ್ಮದು ಅಂತ ಯಾರೂ ಬಂದಿರಲಿಲ್ಲ.

ಮನೆಗೆ ಬಂದು ಕೈ ತೊಳೆದೆ.
ಒಂದು ಮಸಿ ಹೋಯಿತು.
ಇನ್ನೊಂದು, ಉಗುರು ಬೆಳೆಯುವ ತನಕ ಇರುತ್ತದಂತೆ.